ಹಾಲು ಬಿಡಿಸಿದ ಮರಿಗಳಿಗೆ ‘ಗಟ್ ಹೆಲ್ತ್’ ಪುಡಿ: ಒಂದನ್ನೇ ಹಾಕೋದಾದ್ರೆ ಯಾವುದು?

ಹೊಸಶೆಡ್:
ಎಲ್ಲರಿಗೂ ನಮಸ್ಕಾರ. ಹಂದಿ ಸಾಕಣೆಗೆ ಹೊಸಬ. ಮರಿಗಳನ್ನ ನಾಲ್ಕನೇ ವಾರದಲ್ಲಿ ತಾಯಿಯಿಂದ ಬೇರೆ ಮಾಡ್ತೀನಿ. ಅಲ್ಲೀತನಕ ಮೈ ತುಂಬಿಕೊಂಡು ಚೆನ್ನಾಗೇ ಇರ್ತವೆ. ಬೇರೆ ಮಾಡಿದ ನಾಲ್ಕೈದು ದಿನಕ್ಕೆ ನೀರಿನಂಥ ಭೇದಿ ಶುರು. ಬೆನ್ನುಮೂಳೆ ಕಾಣುತ್ತೆ, ಕೂದಲು ನೆಟ್ಟಗೆ ನಿಲ್ಲುತ್ತೆ. ಸಾಯೋದು ಒಂದೋ ಎರಡೋ. ಆದ್ರೆ ಉಳಿದವೂ ಎರಡು ವಾರ ತೂಕ ಹಾಕೋದೇ ಇಲ್ಲ.

ಯಾರನ್ನ ಕೇಳಿದ್ರೂ ಒಂದೊಂದು ಪ್ಯಾಕೆಟ್ ಹೇಳ್ತಾರೆ. ಪ್ರೋಬಯಾಟಿಕ್ ಅಂತಾರೆ, ಆಸಿಡಿಫೈಯರ್ (ಫೀಡ್‌ಗೆ ಬೆರೆಸೋ ಆಸಿಡ್) ಅಂತಾರೆ, ಯೀಸ್ಟ್ ಸೆಲ್ ವಾಲ್, ಜಿಂಕ್, ಗಿಡಮೂಲಿಕೆ ಎಣ್ಣೆ... ಎಲ್ಲದರ ಮೇಲೂ ‘ಕರುಳಿನ ಆರೋಗ್ಯ, ರೋಗನಿರೋಧಕ ಶಕ್ತಿ’ ಅಂತಲೇ ಬರೆದಿರುತ್ತೆ. ಐದನ್ನೂ ಹಾಕೋಕೆ ನನ್ನ ಕೈಲಾಗಲ್ಲ. ಒಂದನ್ನೇ ಹಾಕೋದಾದ್ರೆ ಯಾವುದು ಹಾಕ್ಲಿ? ಅನುಭವ ಇರೋರು ಹೇಳಿ.

ನೀರುಮೊದಲು:
ಯಾವುದೂ ಬೇಡ. ಮೊದಲು ಮರಿ ನೀರು ಚೀಪೋ ನಿಪ್ಪಲ್‌ನಲ್ಲಿ ನೀರು ಎಷ್ಟು ಬರ್ತಿದೆ ನೋಡಿ.

ಹಳೇಹುಲಿ:
ಜಿಂಕ್ ಆಕ್ಸೈಡ್. ಮುಗೀತು. ಚರ್ಚೆ ಮುಚ್ಚಬಹುದು 😄

ಫೀಡ್_ಮಿಕ್ಸರ್:
ಹುಲಿ ಅಣ್ಣ ಬಂದ್ರು ಅಂದ್ಮೇಲೆ ಚರ್ಚೆ ಈಗ ಶುರು ಅಂತ ಅರ್ಥ.

ಹೊಸಶೆಡ್:
@ನೀರುಮೊದಲು, ನೀರು ಬರ್ತಿದೆ ಸರ್, ನಾನೇ ಒತ್ತಿ ನೋಡಿದೀನಿ.

ನೀರುಮೊದಲು:
ಬರೋದು ಬೇರೆ, ಸಾಕಾಗೋದು ಬೇರೆ. ಒಂದು ಅಳತೆ ಪಾತ್ರೆ ಹಿಡಿದು ಒಂದು ನಿಮಿಷ ಬಿಡಿ. ಅರ್ಧ ಲೀಟರ್‌ಗಿಂತ ಕಡಿಮೆ ಬಂದ್ರೆ ಅಲ್ಲೇ ತೊಂದರೆ. ಮರಿಗೆ ತಾಳ್ಮೆ ಇಲ್ಲ, ಸ್ವಲ್ಪ ಹೊತ್ತು ಚೀಪಿ ಬಿಟ್ಟುಬಿಡುತ್ತೆ. ನಿನ್ನೆವರೆಗೂ ಹಾಲಲ್ಲೇ ಊಟ, ಹಾಲಲ್ಲೇ ನೀರು. ಇವತ್ತು ಎರಡೂ ಬೇರೆ ಬೇರೆ ಅಂತ ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ? ನೀರು ಕುಡಿಯದ ಮರಿ ಒಣ ಫೀಡ್ ಮುಟ್ಟಲ್ಲ. ಫೀಡ್ ಮುಟ್ಟದ ಮರಿಗೆ ನಿಮ್ಮ ಪುಡಿ ಹೊಟ್ಟೆಗೆ ಹೋಗೋದು ಹೇಗೆ?

ಮೊದಲ ಒಂದೆರಡು ದಿನ ನಿಪ್ಪಲ್ ಜೊತೆಗೆ ಆಳ ಇಲ್ಲದ ಬಾನಿಯಲ್ಲೂ ನೀರಿಡಿ.

ಗೊರಸು:
ನೀರುಮೊದಲು ಅವರ ಮಾತಿಗೇ ನನ್ನದೂ ಸಹಿ. ಪಶುವೈದ್ಯ ನಾನು, ಸ್ವಲ್ಪ ಉದ್ದ ಬರೀತೀನಿ, ಬೇಡ ಅನ್ನಿಸಿದ್ರೆ ದಾಟಿಕೊಂಡು ಹೋಗಿ.

ಹಂದಿಯಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಮಾಸಿನಲ್ಲಿ ಆರು ಪದರ ಇದೆ. ಹಾಗಾಗಿ ಗರ್ಭದಲ್ಲಿದ್ದಾಗ ತಾಯಿಯ ಆಂಟಿಬಾಡಿ ಮರಿಗೆ ದಾಟೋದೇ ಇಲ್ಲ. ಹುಟ್ಟುವಾಗ ಮರಿ ಬರಿಗೈಲಿ ಬರುತ್ತೆ. ಗಿಣ್ಣು ಹಾಲು ಕುಡಿದರೆ ಮಾತ್ರ ರಕ್ಷಣೆ. ಅದೂ ಮೊದಲ ದಿನದೊಳಗೆ, ಯಾಕಂದ್ರೆ 24ರಿಂದ 36 ಗಂಟೆ ಆಗೋ ಹೊತ್ತಿಗೆ ಕರುಳಿನ ಗೋಡೆ ಆ ದೊಡ್ಡ ಪ್ರೋಟೀನನ್ನ ಇಡಿಯಾಗಿ ಒಳಗೆ ಬಿಟ್ಟುಕೊಳ್ಳೋದನ್ನ ನಿಲ್ಲಿಸಿಬಿಡುತ್ತೆ. ಒಂದೊಂದು ಮರಿಗೂ ಕಡಿಮೆ ಅಂದ್ರೂ 200–250 ಗ್ರಾಂ ಗಿಣ್ಣು ಬೇಕು. ಹತ್ತು ಹನ್ನೆರಡು ಮರಿ ಇರೋ ಕಡೆ ಕೊನೇಲಿ ಹುಟ್ಟಿದ ಸಣ್ಣದಕ್ಕೆ ಅಷ್ಟು ಸಿಗುತ್ತಾ ಅಂತ ನೋಡೋರು ಕಡಿಮೆ.

ಗಿಣ್ಣಿನಿಂದ ಬಂದ ಆಂಟಿಬಾಡಿ ದಿನ ಕಳೆದಂತೆ ಇಳೀತಾ ಹೋಗುತ್ತೆ. ಆಮೇಲೆ ಮಾಮೂಲಿ ಹಾಲಿನಲ್ಲಿರೋ ಐಜಿಎ ಅನ್ನೋ ಆಂಟಿಬಾಡಿ ಕರುಳಿನ ಒಳಮೈಗೆ ಕಾವಲು. ಮರಿಯ ಸ್ವಂತ ರಕ್ಷಣೆ ಗಟ್ಟಿಯಾಗೋದು ಆರೇಳು ವಾರ ಆದ್ಮೇಲೆ. ನಾವು ಹಾಲು ಬಿಡಿಸೋದು ಮೂರು ನಾಲ್ಕನೇ ವಾರ. ತಾಯಿಯದು ಮುಗಿದಿದೆ, ತನ್ನದು ಇನ್ನೂ ಬಂದಿಲ್ಲ. ಸರಿಯಾಗಿ ಆ ಸಂದಿನಲ್ಲೇ ಐಜಿಎ ಕೊಡ್ತಿದ್ದ ಹಾಲನ್ನೂ ಕಿತ್ತುಕೊಳ್ತೀವಿ. ತಾಯಿ ತಾನಾಗೇ ಬಿಡಿಸೋದಾದ್ರೆ ಮೂರು ತಿಂಗಳ ಆಸುಪಾಸು ತಗೊಳ್ತಾಳೆ, ಅದೂ ನಿಧಾನಕ್ಕೆ.

ಇನ್ನು ಕರುಳು. ಸಣ್ಣ ಕರುಳಿನ ಒಳಗೆ ವಿಲ್ಲೈ ಅಂತ ಸೂಕ್ಷ್ಮ ಚಾಚುಗಳಿರ್ತವೆ, ಆಹಾರ ಹೀರೋದು ಅವೇ. ಅವಕ್ಕೆ ಪೋಷಣೆ ಹೆಚ್ಚಾಗಿ ಸಿಗೋದು ಕರುಳಲ್ಲಿ ಹಾದುಹೋಗೋ ಆಹಾರದಿಂದಲೇ. ಮರಿ ಒಂದೆರಡು ದಿನ ಉಪವಾಸ ಬಿದ್ರೆ ವಿಲ್ಲೈ ಕುಗ್ಗಿಬಿಡ್ತವೆ. ಕೋಶಗಳ ನಡುವಿನ ಬಿಗಿ ಸಡಿಲ ಆಗುತ್ತೆ. ಮೂರನೇ ದಿನ ಹಸಿವು ತಾಳಲಾರದೆ ಗಬಗಬ ತಿನ್ನುತ್ತೆ, ಕುಗ್ಗಿದ ಕರುಳಿಗೆ ಅದು ಜೀರ್ಣ ಆಗಲ್ಲ, ಹಾಗೇ ಕೆಳಗೆ ಹೋಗಿ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾಗೆ ಊಟ ಆಗುತ್ತೆ. ನಿಮ್ಮ ನಾಲ್ಕನೇ ಐದನೇ ದಿನದ ಭೇದಿ ಅದೇ.

ಸುಮ್ನೆ_ಓದುಗ:
ಡಾಕ್ಟ್ರೇ, ದಾಟಿಕೊಂಡು ಹೋಗ್ಲಿಲ್ಲ, ಪೂರ್ತಿ ಓದಿದೆ 🙏

ಹಳೇಹುಲಿ:
ಇದನ್ನೆಲ್ಲ ಓದಿ ಮುಗಿಸೋ ಹೊತ್ತಿಗೆ ಇನ್ನೆರಡು ಮರಿ ಹೋಗಿರ್ತವೆ. ಒಂದು ಟನ್ ಫೀಡ್‌ಗೆ ಮೂರು ಕೆಜಿ ಚಿಲ್ಲರೆ ಜಿಂಕ್ ಆಕ್ಸೈಡ್, ಎರಡು ವಾರ. ಭೇದಿ ನಿಲ್ಲುತ್ತೆ. ಮರಿ ತಿನ್ನುತ್ತೆ. ಇದಕ್ಕೆ ಸಮ ಬರೋದು ಇನ್ನೂ ಯಾವುದೂ ಬಂದಿಲ್ಲ. ನೀವೇ ಹೇಳಿ ಡಾಕ್ಟ್ರೇ, ಸುಳ್ಳಾ?

ಗೊರಸು:
ಸುಳ್ಳಲ್ಲ. ಭೇದಿ ತಡೆಯೋದರಲ್ಲಿ ಅದರಷ್ಟು ನೆಚ್ಚಿಕೊಳ್ಳಬಹುದಾದ್ದು ಇನ್ನೊಂದಿಲ್ಲ ಅಂತ ನಾನೂ ಒಪ್ತೀನಿ. ಆದ್ರೆ ನೀವು ಹೇಳ್ತಿರೋದು ಪೋಷಕಾಂಶದ ಪ್ರಮಾಣ ಅಲ್ಲ, ಔಷಧಿ ಪ್ರಮಾಣ. ಎಳೆ ಮರಿಗೆ ಬೇಕಾಗೋ ಜಿಂಕ್ ಸುಮಾರು 100 ಪಿಪಿಎಂ, ಅಂದ್ರೆ ಕೆಜಿ ಫೀಡ್‌ಗೆ 100 ಮಿಲಿಗ್ರಾಂ. ನೀವು ಹಾಕ್ತಿರೋದು 2500.

ಫೀಡ್_ಮಿಕ್ಸರ್:
ಯುರೋಪ್ ಒಕ್ಕೂಟದಲ್ಲಿ ಆ ಪ್ರಮಾಣ 2022ರ ಜೂನ್‌ನಿಂದ ನಿಷೇಧ. 2017ರಲ್ಲೇ ತೀರ್ಮಾನ ಆಗಿತ್ತು, ಸರಿಮಾಡಿಕೊಳ್ಳೋಕೆ ಐದು ವರ್ಷ ಕೊಟ್ಟಿದ್ರು. ಈಗ ಅಲ್ಲಿ ಮರಿ ಫೀಡ್‌ನಲ್ಲಿ ಎಲ್ಲ ಸೇರಿ 150 ಪಿಪಿಎಂ ದಾಟಂಗಿಲ್ಲ. ಕಾರಣ ಎರಡು. ಆಕ್ಸೈಡ್ ಹೀರಿಕೊಳ್ಳೋದೇ ಕಡಿಮೆ, ಹೆಚ್ಚಿನಂಶ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಮಣ್ಣಲ್ಲಿ ಕೂರುತ್ತೆ. ಎರಡನೇದು ಇನ್ನೂ ಗಂಭೀರ: ಜಿಂಕ್ ತಡ್ಕೊಳ್ಳೋ ಬ್ಯಾಕ್ಟೀರಿಯಾಗಳಲ್ಲಿ ಆಂಟಿಬಯಾಟಿಕ್ ತಡ್ಕೊಳ್ಳೋ ಜೀನೂ ಒಟ್ಟೊಟ್ಟಿಗೇ ಇರೋದುಂಟು. ಒಂದನ್ನ ಸಾಕಿದ್ರೆ ಇನ್ನೊಂದೂ ಬೆಳೆಯುತ್ತೆ.

ಹಳೇಹುಲಿ:
ಅಲ್ಲಿ ನಿಷೇಧ ಆಯ್ತು ಅಂತ ನಾನ್ಯಾಕೆ ನಿಲ್ಲಿಸ್ಲಿ? ಅವರ ಶೆಡ್ ಬೇರೆ, ನನ್ನ ಶೆಡ್ ಬೇರೆ. ನಿಲ್ಲಿಸಿದ ಕಡೆ ಆಂಟಿಬಯಾಟಿಕ್ ಬಳಕೆ ಹೆಚ್ಚಾಗುತ್ತೆ, ಅದನ್ನೂ ಬರೀರಿ. ಅರ್ಧ ಕಥೆ ಹೇಳ್ಬೇಡಿ.

ಗೊರಸು:
ಅದೂ ನಿಜ. ಡೆನ್ಮಾರ್ಕ್‌ನಲ್ಲಿ 1990ರ ದಶಕದ ಕೊನೆಗೆ ಬೆಳವಣಿಗೆಗೆ ಅಂತ ಹಾಕ್ತಿದ್ದ ಆಂಟಿಬಯಾಟಿಕ್ ನಿಲ್ಲಿಸಿದಾಗ, ಹಾಲು ಬಿಡಿಸಿದ ಮರಿಗಳ ಭೇದಿಗೆ ಚಿಕಿತ್ಸೆಗಾಗಿ ಕೊಡೋದು ಕೆಲಕಾಲ ಏರಿತ್ತು. ಒಂದನ್ನ ಕಿತ್ತು ಅದೇ ಜಾಗಕ್ಕೆ ಇನ್ನೊಂದು ಪುಡಿ ಹುಡುಕಿದ್ರೆ ಹೀಗೇ ಆಗೋದು. ಜಿಂಕ್ ಅನ್ನೋದು ಸೋರೋ ಮನೆಗೆ ಹೊದಿಸಿದ ಟಾರ್ಪಾಲು. ತೆಗೆದ ದಿನ ಮಳೆ ಒಳಗೆ ಬಂತು ಅಂತ ಟಾರ್ಪಾಲನ್ನೇ ಹೊಗಳ್ತಾ ಕೂತರೆ ಮಾಡು ಯಾರು ಸರಿಮಾಡ್ತಾರೆ?

ಇನ್ನೊಂದು ಮಾತು. ಎರಡು ವಾರಕ್ಕಿಂತ ಮುಂದೆ ಎಳೆದರೆ ಆ ಪ್ರಮಾಣ ಮರಿಗೇ ವಿಷ ಆಗಬಹುದು.

ಖಡಕ್_ಮಾತು:
ನಾ ಒಂದು ಕೇಳ್ತೀನ್ರಿ. ನಮ್ಮ ಫೀಡಿನ್ಯಾಗ ಆಸಿಡ್ ಹಾಕೇವಿ, ಜೋಡಿಗೆ ಎಲುಬು ಗಟ್ಟಿ ಆಗಲಿ ಅಂತ ಸುಣ್ಣದಕಲ್ಲಿನ ಪುಡಿನೂ ಜಾಸ್ತಿ ಹಾಕೇವಿ. ಏನೂ ಫರಕ್ ಕಾಣವಲ್ದು. ಆಸಿಡ್ ಖೊಟ್ಟಿ ಬಂದೈತೋ ಏನೋ?

ಫೀಡ್_ಮಿಕ್ಸರ್:
ಆಸಿಡ್ ಖೊಟ್ಟಿ ಅಲ್ರೀ, ಸುಣ್ಣ ಅದನ್ನ ತಿಂದು ಹಾಕ್ತಿದೆ. ಎಳೆ ಮರಿ ಹೊಟ್ಟೆಯಲ್ಲಿ ಉಪ್ಪಿನಾಮ್ಲ ಇನ್ನೂ ಸಾಕಷ್ಟು ಬರಲ್ಲ. ಹಾಲು ಕುಡಿಯೋವಾಗ ಹಾಲಿನ ಸಕ್ಕರೆ ಹುಳಿಯಾಗಿ ಲ್ಯಾಕ್ಟಿಕ್ ಆಮ್ಲ ಆಗುತ್ತೆ, ಹೇಗೋ ನಡೆಯುತ್ತೆ. ಹಾಲು ನಿಂತ ಕೂಡಲೇ ಹೊಟ್ಟೆಯ ಪಿಎಚ್ ಮೇಲೇರುತ್ತೆ, ಅಂದ್ರೆ ಹುಳಿ ಕಡಿಮೆ ಆಗುತ್ತೆ. ಪಿಎಚ್ ಎರಡು–ಮೂರರ ಹತ್ತಿರ ಇದ್ರೇನೇ ಪ್ರೋಟೀನ್ ಜೀರ್ಣಿಸೋ ಪೆಪ್ಸಿನ್ ಚೆನ್ನಾಗಿ ಕೆಲಸ ಮಾಡೋದು. ಮೇಲೇರಿದ್ರೆ ಪ್ರೋಟೀನು ಅರೆಬರೆ ಜೀರ್ಣ, ಬಾಯಿಂದ ಬಂದ ರೋಗಾಣು ಹೊಟ್ಟೆಯಲ್ಲಿ ಸಾಯದೆ ಕರುಳಿಗೆ ಇಳಿಯುತ್ತೆ.

ಇದಕ್ಕೇ ಫಾರ್ಮಿಕ್, ಸಿಟ್ರಿಕ್, ಫ್ಯೂಮಾರಿಕ್, ಬೆಂಜೋಯಿಕ್ ಆಮ್ಲ ಹಾಕೋದು. ಆದ್ರೆ ಫೀಡ್‌ನ ಸಾಮಗ್ರಿಗಳಲ್ಲಿ ಆಮ್ಲವನ್ನ ಅತಿ ಹೆಚ್ಚು ಹಿಡಿದು ಕೂರೋದು ಎರಡು: ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ನಿಮ್ಮ ಸುಣ್ಣದಕಲ್ಲು, ಮತ್ತೆ... ಹುಲಿ ಅಣ್ಣನ ಜಿಂಕ್ ಆಕ್ಸೈಡ್. ಮೊದಲೆರಡು ವಾರದ ಫೀಡ್‌ನಲ್ಲಿ ಸುಣ್ಣದಕಲ್ಲು ಇಳಿಸಿ. ಸ್ವಲ್ಪ ದಿನ ಕ್ಯಾಲ್ಸಿಯಂ ಕಡಿಮೆ ಆದ್ರೆ ಎಲುಬಿಗೇನೂ ಆಗಲ್ಲ, ಆಮೇಲೆ ಸರಿತೂಗಿಸಬಹುದು. ಬೇಕೇ ಬೇಕು ಅಂದ್ರೆ ಕ್ಯಾಲ್ಸಿಯಂ ಫಾರ್ಮೇಟ್ ಇದೆ. ಅಂದಾಜಿನ ಮೇಲೆ ಆಸಿಡ್ ಜಾಸ್ತಿ ಮಾಡೋಕೆ ಹೋಗ್ಬೇಡಿ, ಘಾಟಿಗೆ ಮರಿ ತೊಟ್ಟಿ ಹತ್ತಿರ ಸುಳಿಯಲ್ಲ.

ಖಡಕ್_ಮಾತು:
ಅಂದ್ರ ಇಷ್ಟು ದಿನ ಒಂದು ಕೈಲೆ ಹಾಕಿ ಇನ್ನೊಂದು ಕೈಲೆ ಅಳಿಸ್ಲಿಕ್ಕತ್ತಿದ್ವಿ ಅನ್ರಿ. ಭಾರಿ ಆತು ಬಿಡ್ರಿ.

ಮೈಕ್ರೋಬ್_ಮಿತ್ರ:
ಯಾರೂ ಪ್ರೋಬಯಾಟಿಕ್ ಬಗ್ಗೆ ಮಾತಾಡ್ತಿಲ್ವಲ್ಲ! ಹಾಲು ಬಿಡಿಸಿದಾಗ ಕರುಳಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಇಳಿದು ಇ. ಕೋಲಿ ಏರೋದು ಗೊತ್ತಿರೋ ವಿಷಯ. ಒಳ್ಳೇ ಬ್ಯಾಕ್ಟೀರಿಯಾ ಹೊರಗಿನಿಂದ ಕೊಟ್ರೆ ಜಾಗ ಹಿಡಿಯುತ್ತೆ, ಆಮ್ಲ ಬಿಡುತ್ತೆ, ಕರುಳಿನ ರಕ್ಷಣಾ ಕೋಶಗಳಿಗೆ ತರಬೇತಿನೂ ಸಿಗುತ್ತೆ. ನಾನಾದ್ರೆ ಒಂದೇ ಆರಿಸೋದು ಅಂದ್ರೆ ಇದನ್ನೇ.

ಫೀಡ್_ಮಿಕ್ಸರ್:
ಯಾವ ಪ್ರೋಬಯಾಟಿಕ್? ‘ಪ್ರೋಬಯಾಟಿಕ್ ಕೊಡಿ’ ಅನ್ನೋದು ‘ಮಾತ್ರೆ ಕೊಡಿ’ ಅಂದಷ್ಟೇ ಸ್ಪಷ್ಟ. ಲ್ಯಾಕ್ಟೋಬ್ಯಾಸಿಲಸ್ ಪೆಲೆಟ್ ಮಾಡೋ ಬಿಸಿಗೆ ಉಳಿಯಲ್ಲ, ಮೇಲೆ ಲೇಪ ಇಲ್ಲದಿದ್ರೆ. ಬ್ಯಾಸಿಲಸ್ ಸಬ್ಟಿಲಿಸ್, ಲೈಕೆನಿಫಾರ್ಮಿಸ್ ಆದ್ರೆ ಬೀಜಕ ರೂಪದಲ್ಲಿ ಇರೋದ್ರಿಂದ ತಡ್ಕೊಳ್ತವೆ. ಒಂದೇ ಜಾತಿಯಲ್ಲೂ ತಳಿಯಿಂದ ತಳಿಗೆ ಗುಣ ಬೇರೆ. ಲೇಬಲ್ ಮೇಲೆ ತಳಿ ಸಂಖ್ಯೆ, ಒಂದು ಗ್ರಾಂಗೆ ಎಷ್ಟು ಜೀವಂತ ಕೋಶ, ಯಾವ ತಿಂಗಳವರೆಗೆ ಆ ಲೆಕ್ಕ ಅನ್ನೋದು ಇಲ್ಲದಿದ್ರೆ ಅದು ಬರೀ ಪುಡಿ.

ಮೂರುಮರಿ:
ನಮ್ಮಲ್ಲಿ ಮೊಸರಿನಂಥ ಬ್ಯಾಕ್ಟೀರಿಯಾ ಪುಡಿ ಒಂದು ಕಡೆ, ಅದೇ ಫೀಡ್‌ನಲ್ಲಿ ಆಂಟಿಬಯಾಟಿಕ್ ಇನ್ನೊಂದು ಕಡೆ ಹಾಕಿ ಕಳಿಸಿದ್ರು. ಕೇಳಿದ್ರೆ ‘ಎರಡೂ ಒಳ್ಳೇದೇ ಅಲ್ವಾ’ ಅಂದ್ರು 🤦

ಮೈಕ್ರೋಬ್_ಮಿತ್ರ:
@ಫೀಡ್_ಮಿಕ್ಸರ್ ತಳಿ ವಿಷಯ ಸರಿ, ಆದ್ರೆ ಅದನ್ನೇ ಹಿಡ್ಕೊಂಡು ಎಲ್ಲಾನೂ ತಳ್ಳಿಹಾಕೋದು ಅತಿ ಆಯ್ತು. ಪ್ರಕಟವಾದ ಪ್ರಯೋಗಗಳಲ್ಲಿ ಒಳ್ಳೇ ಫಲಿತಾಂಶವೂ ಇದೆ.

ಫೀಡ್_ಮಿಕ್ಸರ್:
ಇದೆ. ಏನೂ ಆಗ್ಲಿಲ್ಲ ಅನ್ನೋವೂ ಅಷ್ಟೇ ಇವೆ. ತಳ್ಳಿಹಾಕ್ತಿಲ್ಲ, ‘ಒಂದೇ ಆರಿಸಿ’ ಅಂದಾಗ ಮೊದಲ ಸಾಲಲ್ಲಿ ನಿಲ್ಲಿಸಲ್ಲ ಅಂತಿದೀನಿ.

ಹೊಸಶೆಡ್:
ಯೀಸ್ಟ್ ಸೆಲ್ ವಾಲ್ ಬಗ್ಗೆ? ‘ಇ. ಕೋಲಿಯನ್ನ ಅಂಟಿಸಿಕೊಂಡು ಹೊರಗೆ ಒಯ್ಯುತ್ತೆ’ ಅಂತ ಒಬ್ಬರು ಚಿತ್ರ ಬರೆದು ತೋರಿಸಿದ್ರು.

ಗೊರಸು:
ಚಿತ್ರ ಚೆನ್ನಾಗೇ ಇರುತ್ತೆ. ಯೀಸ್ಟ್ ಗೋಡೆಯ ಮ್ಯಾನನ್ (ಮ್ಯಾನೋಸ್ ಸಕ್ಕರೆಯ ಸರಪಳಿ) ಅಂಶಕ್ಕೆ ಅಂಟೋದು ಟೈಪ್-1 ಅನ್ನೋ ಕೂದಲೆಳೆ ಇರೋ ಬ್ಯಾಕ್ಟೀರಿಯಾ. ಸಾಲ್ಮೊನೆಲ್ಲಾದಲ್ಲಿ ಅದಿದೆ, ಹಲವು ಇ. ಕೋಲಿಗಳಲ್ಲೂ ಇದೆ. ಆದ್ರೆ ಹಾಲು ಬಿಡಿಸಿದ ಮರಿಗೆ ಭೇದಿ ತರೋ ಇ. ಕೋಲಿ ಕರುಳಿಗೆ ಹಿಡ್ಕೊಳ್ಳೋದು ಎಫ್4, ಎಫ್18 ಅನ್ನೋ ಬೇರೆ ಎಳೆಗಳಿಂದ. ಆ ಎರಡಕ್ಕೂ ಮ್ಯಾನೋಸ್ ಸಕ್ಕರೆಯ ಹಂಗಿಲ್ಲ. ಯೀಸ್ಟ್ ಗೋಡೆಯಿಂದ ಉಪಯೋಗ ಇದ್ರೆ ಅದು ಬೇರೆ ದಾರಿಯಿಂದ, ಅದರಲ್ಲಿರೋ ಬೀಟಾ-ಗ್ಲೂಕಾನ್ ರಕ್ಷಣಾ ಕೋಶಗಳನ್ನ ತಟ್ಟೋದರಿಂದ. ಆ ಅಂಟೋ ಚಿತ್ರ ಮಾತ್ರ ನಿಮ್ಮ ರೋಗಕ್ಕೆ ಹೊಂದಲ್ಲ.

ಹಾಗೇ ಒಂದು ವಿಷಯ: ಎಲ್ಲ ಮರಿಗೂ ಈ ಎಳೆಗಳು ಅಂಟಲ್ಲ. ಕೆಲವು ಹುಟ್ಟಿನಿಂದಲೇ ಎಫ್4 ಅಂಟಲು ಜಾಗ ಇಲ್ಲದವು, ಎಫ್4 ಇ. ಕೋಲಿಯನ್ನ ಎಷ್ಟು ಕುಡಿಸಿದ್ರೂ ಭೇದಿ ಬರಲ್ಲ. ಅಂಥ ಸಾಲಿನ ಮರಿಗಳಿಗೆ ಯಾವ ಪುಡಿ ಹಾಕಿದ್ರೂ ‘ನೂರಕ್ಕೆ ನೂರು ಕೆಲಸ ಮಾಡ್ತು’ ಅನ್ನಿಸುತ್ತೆ.

ಸುಮ್ನೆ_ಓದುಗ:
ಪುಡಿ ಮಾರೋರು ಇದನ್ನ ಓದ್ಬಾರ್ದು 😂

ಮೂರುಮರಿ:
ನನಗೊಂದು ಗೊತ್ತಾಗ್ಲಿಲ್ಲ. ಇಮ್ಯೂನಿಟಿ ಜಾಸ್ತಿ ಆದಷ್ಟೂ ಒಳ್ಳೇದೇ ಅಲ್ವಾ? ಬೀಟಾ-ಗ್ಲೂಕಾನ್, ವಿಟಮಿನ್, ಎಲ್ಲಾ ಸೇರಿಸಿ ಏರಿಸಿಬಿಟ್ರೆ ಆಯ್ತಲ್ಲ.

ಫೀಡ್_ಮಿಕ್ಸರ್:
ಅಲ್ಲ. ಇದು ಈ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ ಅನ್ನಿಸ್ತು ನಂಗೆ. ರಕ್ಷಣಾ ವ್ಯವಸ್ಥೆ ಎಚ್ಚರಗೊಂಡ್ರೆ ಮರಿಗೆ ಜ್ವರ ಬರುತ್ತೆ, ಊಟ ಬಿಡುತ್ತೆ, ಸ್ನಾಯುವಿಗೆ ಹೋಗಬೇಕಾದ ಅಮೈನೋ ಆಮ್ಲ ಯಕೃತ್ತಿಗೆ ಹೋಗಿ ಉರಿಯೂತದ ಪ್ರೋಟೀನ್ ಆಗುತ್ತೆ. ಬೆಳೆಯೋ ಮರಿಗೆ ಅದು ದೊಡ್ಡ ಖರ್ಚು. ಶತ್ರು ಬಂದಾಗ ಏಳಬೇಕು, ಹೋದಾಗ ಮಲಗಬೇಕು. ಯಾವಾಗಲೂ ಎದ್ದು ಕೂತಿರೋ ಕರುಳು ಸೋರೋ ಕರುಳು. ಜಿಂಕ್, ಬ್ಯುಟಿರೇಟ್, ಥೈಮಾಲ್‌ನಂಥ ಸಸ್ಯದೆಣ್ಣೆ ಇವೆಲ್ಲ ಕೆಲಸ ಮಾಡಿದ ಕಡೆ ನೋಡಿದ್ರೆ ಉರಿಯೂತ ಇಳಿದಿರುತ್ತೆ, ಏರಿರಲ್ಲ.

ಅದಕ್ಕೇ ನಾನು ಅಮೈನೋ ಆಮ್ಲದ ಕಡೆ ಬೆರಳು ತೋರಿಸೋದು. ಕರುಳಿನ ಲೋಳೆ ಪದರಕ್ಕೆ ಥ್ರಿಯೋನಿನ್ ಬೇಕು. ರೋಗ ಎದುರಿಸೋವಾಗ ಟ್ರಿಪ್ಟೋಫ್ಯಾನ್, ಮೆಥಿಯೋನಿನ್ ಅಗತ್ಯ ಏರುತ್ತೆ. ಕರುಳಿನ ಕೋಶಕ್ಕೆ ಗ್ಲುಟಮಿನ್ ಇಂಧನ. ಇವು ಸಪ್ಲಿಮೆಂಟೇ, ಆದ್ರೆ ಯಾರೂ ಹಾಗೆ ಕರೆಯಲ್ಲ.

ಇದಕ್ಕೆ ಜೊತೆ ಒಟ್ಟು ಪ್ರೋಟೀನ್ ಇಳಿಸಿ. 22–23 ಶೇಕಡಾ ಇದ್ದದ್ದನ್ನ ಮೊದಲ ಎರಡು ವಾರ 18ರ ಹತ್ತಿರ ತನ್ನಿ, ಕೊರತೆಯನ್ನ ಲೈಸಿನ್, ಥ್ರಿಯೋನಿನ್, ಮೆಥಿಯೋನಿನ್, ಟ್ರಿಪ್ಟೋಫ್ಯಾನ್ ಪುಡಿಗಳಿಂದ ತುಂಬಿ.

ಹಳೇಹುಲಿ:
ಪ್ರೋಟೀನ್ ಇಳಿಸಿದ್ರೆ ಮರಿ ಬೆಳೆಯುತ್ತಾ? ಮಾಂಸ ಆಗೋದೇ ಪ್ರೋಟೀನಿಂದ.

ಫೀಡ್_ಮಿಕ್ಸರ್:
ಜೀರ್ಣ ಆಗದ ಪ್ರೋಟೀನಿಂದ ಮಾಂಸ ಆಗಲ್ಲ ಅಣ್ಣ, ದೊಡ್ಡ ಕರುಳಿನಲ್ಲಿ ಕೊಳೆತು ಅಮೋನಿಯಾ, ಅಮೀನು ಆಗುತ್ತೆ. ಭೇದಿಗೆ ಅದೇ ಕುಮ್ಮಕ್ಕು ಕೊಡೋದು. 18ರಿಂದ ಕೆಳಗೆ ಎಳೆದ್ರೆ ಮಾತ್ರ ವ್ಯಾಲಿನ್, ಐಸೊಲ್ಯೂಸಿನ್ ಕಡಿಮೆಬಿದ್ದು ನೀವು ಹೇಳಿದಂತೆ ಬೆಳವಣಿಗೆ ಕುಂಟುತ್ತೆ. ಸೋಯಾ ಹಿಂಡಿಯನ್ನೂ ಏಕ್‌ದಂ ಜಾಸ್ತಿ ಹಾಕ್ಬೇಡಿ. ಅದರಲ್ಲಿರೋ ಗ್ಲೈಸಿನಿನ್, ಬೀಟಾ-ಕಾಂಗ್ಲೈಸಿನಿನ್ ಎಳೆ ಕರುಳಿಗೆ ಅಲರ್ಜಿ ತರ್ತವೆ.

ಖಡಕ್_ಮಾತು:
ಬೂಸಾ ಹಾಕಿದ್ರ ಭೇದಿ ಕಮ್ಮಿ ಆಕ್ಕೈತಿ ಅಂತ ನಮ್ಮ ಹಿರ್ಯಾರ ಮಾತು. ನಗಬ್ಯಾಡ್ರಿ ಮತ್ತ.

ಫೀಡ್_ಮಿಕ್ಸರ್:
ನಗೋ ಮಾತೇ ಅಲ್ಲ. ಒರಟಾಗಿ ಬೀಸಿದ ಗೋಧಿ ಬೂಸಾ, ಓಟ್ಸ್ ಹೊಟ್ಟು ಶೇಕಡಾ ಎರಡರಿಂದ ನಾಲ್ಕು ಹಾಕೋದು ಇವತ್ತಿಗೂ ಇರೋ ಉಪಾಯ. ಕರಗದ ನಾರು ಕರುಳನ್ನ ಚಲನೆಯಲ್ಲಿಡುತ್ತೆ, ಇ. ಕೋಲಿ ನಿಂತು ಬೆಳೆಯೋಕೆ ಬಿಡಲ್ಲ. ನುಣ್ಣಗೆ ಹಿಟ್ಟು ಮಾಡಿದ್ರೆ ಆ ಗುಣ ಕಡಿಮೆ. ಆದ್ರೆ ಬೂಸಾದಲ್ಲಿ ಬೂಷ್ಟು ವಿಷ ಇದೆಯಾ ನೋಡ್ಕೊಳ್ಳಿ. ವಾಮಿಟಾಕ್ಸಿನ್ ಅನ್ನೋದು ಕಾಳಿನ ಹೊರಪದರದಲ್ಲೇ ಜಾಸ್ತಿ, ಹಂದಿ ಅದಕ್ಕೆ ಬಹಳ ಸೂಕ್ಷ್ಮ. ಊಟ ಬಿಡುತ್ತೆ, ಕರುಳಿನ ಗೋಡೆ ಕೆಡುತ್ತೆ. ಬೆಂಟೊನೈಟ್ ಮಣ್ಣು ಅಫ್ಲಾಟಾಕ್ಸಿನ್ ಅನ್ನೋ ಇನ್ನೊಂದು ಬೂಷ್ಟು ವಿಷ ಹಿಡಿದಂತೆ ಇದನ್ನ ಹಿಡಿಯಲ್ಲ. ವಿಷ ಹಿಡಿಯೋ ಬೈಂಡರ್ ಹಾಕಿದೀನಿ ಅಂತ ಹಳೇ ಸರಕು ಸುರಿಯಬೇಡಿ.

ಮೂರುಮರಿ:
ವಿಷಯ ಬಿಟ್ಟು ಹೋಗ್ತಿದೀನಿ, ಕ್ಷಮಿಸಿ. ಕಬ್ಬಿಣದ ಇಂಜೆಕ್ಷನ್ ಬದಲು ಬಾಯಿಗೆ ಕೊಟ್ರೆ ಆಗುತ್ತಾ? ಸೂಜಿ ಹಾಕುವಾಗ ಕಿರುಚಾಟ ಕೇಳೋಕಾಗಲ್ಲ.

ಗೊರಸು:
ಮರಿಗೆ ದಿನಕ್ಕೆ ಏಳು ಮಿಲಿಗ್ರಾಂ ಮೇಲೆ ಕಬ್ಬಿಣ ಬೇಕು, ಹಾಲಲ್ಲಿ ಸಿಗೋದು ಸುಮಾರು ಒಂದು. ಹಾಗಾಗಿ ಮೂರನೇ ದಿನದ ಹೊತ್ತಿಗೆ 200 ಮಿಲಿಗ್ರಾಂ ಇಂಜೆಕ್ಷನ್ ಅನ್ನೋದು ರೂಢಿ. ಬಾಯಿಗೆ ಕೊಡೋದಾದ್ರೆ ಮೇಲಿಂದ ಮೇಲೆ ಕೊಡಬೇಕು, ಹೆಚ್ಚಾಗಿ ಕರುಳಲ್ಲಿ ಉಳಿದ ಕಬ್ಬಿಣ ಇ. ಕೋಲಿಗೂ ಪ್ರಿಯ. ಸೂಜಿಯೇ ವಾಸಿ. ಒಂದು ಎಚ್ಚರಿಕೆ: ತಾಯಿಗೆ ವಿಟಮಿನ್ ಇ, ಸೆಲೆನಿಯಂ ಕೊರತೆ ಇದ್ರೆ ಅದೇ ಕಬ್ಬಿಣದ ಸೂಜಿಗೆ ಮರಿ ಸಾಯಬಹುದು. ಹಾಗಂತ ಸೆಲೆನಿಯಂ ಸುರೀಬೇಡಿ. ಬೇಕಾಗೋದು ಕೆಜಿ ಫೀಡ್‌ಗೆ 0.3 ಮಿಲಿಗ್ರಾಂ, ಐದು ದಾಟಿದ್ರೆ ವಿಷದ ಲಕ್ಷಣ ಶುರು.

ಹೊಸಶೆಡ್:
ಇನ್ನೊಂದು ಹೇಳೋದು ಬಿಟ್ಟಿದ್ದೆ. ಕೆಲವು ಮರಿಗಳಿಗೆ ತಾಯಿ ಜೊತೆ ಇರುವಾಗಲೇ, ಎಂಟು ಹತ್ತನೇ ದಿನಕ್ಕೆ ಹಳದಿ ಪೇಸ್ಟಿನಂಥ ಭೇದಿ ಆಗುತ್ತೆ. ಆಂಟಿಬಯಾಟಿಕ್ ಕೊಟ್ರೂ ನಿಲ್ಲಲ್ಲ, ಒಂದು ವಾರಕ್ಕೆ ತಾನೇ ನಿಲ್ಲುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಗೊರಸು:
ಇದನ್ನಲ್ವಾ ಮೊದಲೇ ಹೇಳಬೇಕಾದ್ದು! ಎರಡನೇ ವಾರ, ಹಳದಿ ಪೇಸ್ಟು, ಆಂಟಿಬಯಾಟಿಕ್‌ಗೆ ಬಗ್ಗಲ್ಲ ಅಂದ್ರೆ ಮೊದಲ ಅನುಮಾನ ಕಾಕ್ಸಿಡಿಯಾ ಮೇಲೆ. ಅದು ಬ್ಯಾಕ್ಟೀರಿಯಾ ಅಲ್ಲ, ಪರಾವಲಂಬಿ. ಕರುಳಿನ ಕೋಶದೊಳಗೇ ಹೊಕ್ಕು ವಿಲ್ಲೈ ಹಾಳು ಮಾಡುತ್ತೆ. ಅಂಥ ಮರಿಗಳು ಹಾಲು ಬಿಡಿಸೋ ಹೊತ್ತಿಗೇ ಅರ್ಧ ಸೋತಿರ್ತವೆ. ಪ್ರೋಬಯಾಟಿಕ್, ಆಸಿಡ್, ಯೀಸ್ಟ್ ಯಾವುದೂ ಇದನ್ನ ಮುಟ್ಟಲ್ಲ. ಸಗಣಿ ಪರೀಕ್ಷೆ ಮಾಡಿಸಿ. ಖಚಿತವಾದ್ರೆ 3ರಿಂದ 5 ದಿನದ ವಯಸ್ಸಲ್ಲಿ ಬಾಯಿಗೆ ಟೋಲ್ಟ್ರಾಜುರಿಲ್, ನಿಮ್ಮ ವೈದ್ಯರ ಚೀಟಿ ಮೇಲೆ. ಮರಿ ಹಾಕೋ ಗೂಡನ್ನ ತೊಳೆದು ಒಣಗಿಸಿ. ಅದರ ಮೊಟ್ಟೆ ಮಾಮೂಲಿ ಸೋಂಕುನಿವಾರಕಕ್ಕೆ ಸಾಯಲ್ಲ, ಕುದಿಯೋ ಬಿಸಿಗೆ, ಹಬೆಗೆ ಸಾಯುತ್ತೆ.

ಹಾಲು ಬಿಡಿಸಿದ ನಂತರದ ಭೇದಿಗೂ ಒಂದು ಸುಲಭದ ಗುರುತು: ಲಿಟ್ಮಸ್ ಕಾಗದ. ಇ. ಕೋಲಿ ಭೇದಿ ಸಾಮಾನ್ಯವಾಗಿ ಕ್ಷಾರ, ರೋಟಾವೈರಸ್‌ನಿಂದ ಜೀರ್ಣ ಆಗದೆ ಬಂದದ್ದು ಆಮ್ಲದ ಕಡೆ. ಪರೀಕ್ಷೆಗೆ ಅದು ಬದಲಿ ಅಲ್ಲ, ಎತ್ತ ಹುಡುಕಬೇಕು ಅನ್ನೋಕೆ ಸಾಕು.

ಮೈಕ್ರೋಬ್_ಮಿತ್ರ:
ಎಫ್4, ಎಫ್18 ಅಂತ ಖಚಿತ ಆದ್ರೆ ಬಾಯಿಗೆ ಕೊಡೋ ಜೀವಂತ ಲಸಿಕೆ ಇದೆಯಲ್ಲ? 18ನೇ ದಿನದಿಂದ ಕೊಡಬಹುದು ಅಂತ ಓದಿದೀನಿ.

ಗೊರಸು:
ಕೆಲವು ದೇಶಗಳಲ್ಲಿ ಇದೆ. ಕರುಳಲ್ಲೇ ಐಜಿಎ ಹುಟ್ಟಿಸೋದರಿಂದ ದಾರಿ ಸರಿಯಾದ್ದೇ. ರಕ್ಷಣೆ ಬರೋಕೆ ಒಂದು ವಾರ ಬೇಕು, ಹಾಗಾಗಿ ಹಾಲು ಬಿಡಿಸೋ ಮೊದಲೇ ಕೊಡಬೇಕು. ಆ ದಿನಗಳಲ್ಲಿ ಫೀಡ್‌ನಲ್ಲೋ ನೀರಲ್ಲೋ ಆಂಟಿಬಯಾಟಿಕ್ ಇದ್ರೆ ಲಸಿಕೆಯ ಬ್ಯಾಕ್ಟೀರಿಯಾನೇ ಸಾಯುತ್ತೆ. ಗಬ್ಬದ ತಾಯಿಗೆ ಹಾಕೋ ಇ. ಕೋಲಿ ಲಸಿಕೆ ಬೇರೆ, ಅದು ಹುಟ್ಟಿದ ಹೊಸತರ ಭೇದಿಗೆ. ಹಾಲು ನಿಂತ ಮೇಲೆ ಅದರ ಆಸರೆ ಇರಲ್ಲ.

ಹಳೇಹುಲಿ:
ರಕ್ತದ ಪ್ಲಾಸ್ಮಾ ಪುಡಿ ಬಗ್ಗೆ ಯಾರೂ ಹೇಳ್ಲಿಲ್ಲ. ಜಿಂಕ್ ಬಿಟ್ರೆ ಕಣ್ಣಿಗೆ ಕಾಣೋ ಹಾಗೆ ಮರಿ ತಿನ್ನೋಕೆ ಶುರು ಮಾಡೋದು ಅದಕ್ಕೇ.

ಫೀಡ್_ಮಿಕ್ಸರ್:
ಈ ಒಂದು ಮಾತಿಗೆ ನಿಮ್ಮ ಜೊತೆ ನಾನೂ ಇದೀನಿ. ಅದರಲ್ಲಿ ಆಂಟಿಬಾಡಿ ಇದೆ, ರುಚಿನೂ ಇದೆ, ಮೊದಲ ವಾರ ಊಟ ಏರಿಸೋದು ನಿಜ. ಗಲೀಜು ಜಾಸ್ತಿ ಇರೋ ಶೆಡ್‌ನಲ್ಲಿ ಗುಣ ಇನ್ನೂ ಚೆನ್ನಾಗಿ ಕಾಣುತ್ತೆ. ಆಮೇಲೆ ಅದರ ಗುಣ ತಗ್ಗುತ್ತೆ. ಆದ್ರೆ ಹಂದಿಯದೇ ರಕ್ತ ಹಂದಿಗೆ ಅನ್ನೋದರಲ್ಲಿ ಜೈವಿಕ ಸುರಕ್ಷತೆಯ ಪ್ರಶ್ನೆ ಇದೆ. 2014ರಲ್ಲಿ ಕೆನಡಾದಲ್ಲಿ ಪಿಇಡಿ ಅನ್ನೋ ವೈರಸ್ ಭೇದಿ ಹಬ್ಬಿದಾಗ ಫೀಡ್‌ನ ಪ್ಲಾಸ್ಮಾ ಮೇಲೆ ಅನುಮಾನ ಬಂತು. ಪ್ಲಾಸ್ಮಾ ಮಾದರಿಯಲ್ಲಿ ರೋಗ ತರಬಲ್ಲ ವೈರಸ್ ಸಿಕ್ತು. ಆ ಫೀಡೇ ರೋಗ ತಂತು ಅನ್ನೋದು ಮಾತ್ರ ಸಾಬೀತಾಗ್ಲಿಲ್ಲ. ಎಲ್ಲಿಂದ ಬಂದಿದೆ, ಯಾವ ಬಿಸಿಯಲ್ಲಿ ಒಣಗಿಸಿದ್ದು, ಆಮೇಲೆ ಹೇಗೆ ಇಟ್ಟಿದ್ದು ಗೊತ್ತಿಲ್ಲದ ಪ್ಲಾಸ್ಮಾ ನಾನಂತೂ ಶೆಡ್ಡಿಗೆ ತರಲ್ಲ.

ತೂಕದ_ಲೆಕ್ಕ:
ಇಷ್ಟು ಜನ ‘ನಂಗೆ ಕೆಲಸ ಮಾಡ್ತು’, ‘ನಂಗೆ ಮಾಡ್ಲಿಲ್ಲ’ ಅಂದ್ರಿ. ಪಕ್ಕದಲ್ಲಿ ಹಾಕದೇ ಬಿಟ್ಟ ಗೂಡು ಯಾರಿಗಿತ್ತು? ಭೇದಿ ಜೋರಾದಾಗ ಪುಡಿ ತರ್ತೀವಿ, ಒಂದು ವಾರಕ್ಕೆ ಭೇದಿ ನಿಲ್ಲುತ್ತೆ. ಪುಡಿ ಇಲ್ಲದಿದ್ರೂ ಅದು ಒಂದು ವಾರಕ್ಕೆ ನಿಲ್ತಿತ್ತು.

@ಹೊಸಶೆಡ್, ಏನೇ ತಂದ್ರೂ ಒಂದು ಸಲಕ್ಕೆ ಒಂದೇ. ಒಂದೇ ತಾಯಿಯ ಮರಿಗಳನ್ನ ತೂಕ ನೋಡಿ ಎರಡು ಪಾಲು ಮಾಡಿ, ಅರ್ಧ ಈ ಗೂಡಿಗೆ, ಅರ್ಧ ಆ ಗೂಡಿಗೆ. ಒಂದು ತಾಯಿಯದೆಲ್ಲ ಒಂದೇ ಕಡೆ ಹಾಕಿದ್ರೆ ಪುಡಿಯ ಗುಣ ಯಾವುದು, ತಾಯಿಯ ಹಾಲಿನ ಗುಣ ಯಾವುದು ತಿಳಿಯಲ್ಲ. ಒಂದೇ ತಂಡ ನೋಡಿ ತೀರ್ಪು ಬೇಡ, ಮುಂದಿನ ತಂಡಗಳಲ್ಲಿ ಗೂಡು ಅದಲು ಬದಲು ಮಾಡಿ. ಹಾಲು ಬಿಡಿಸಿದ ದಿನದ ತೂಕ, ವಾರದ ತೂಕ, ಎರಡು ವಾರದ ತೂಕ, ತಿಂದ ಫೀಡ್. ಇವಿಷ್ಟು ಬರೆದಿಡಿ.

ಹೊಸಶೆಡ್:
ಅಂದ್ರೆ ಈಗ ಒಟ್ಟು ನಾನೇನು ತರಬೇಕು ಹೇಳ್ತೀರಾ? ತಲೆ ತಿರುಗ್ತಿದೆ.

ನೀರುಮೊದಲು:
ಅಳತೆ ಪಾತ್ರೆ ಒಂದು, ಥರ್ಮಾಮೀಟರ್ ಒಂದು. ಮರಿ ಮಲಗೋ ಜಾಗ ಮೊದಲ ದಿನಗಳಲ್ಲಿ 28–30 ಡಿಗ್ರಿ ಇರಬೇಕು, ಗಾಳಿ ನೇರ ಬೀಸಬಾರದು. ಒಂದರ ಮೇಲೊಂದು ಬಿದ್ದು ಮಲಗಿದ್ರೆ ಚಳಿ ಅಂತ.

ಫೀಡ್_ಮಿಕ್ಸರ್:
ಸಗಣಿ ಪರೀಕ್ಷೆ ಮೊದಲು. ಪುಡಿ ಅಂತ ತರೋದೇ ಆದ್ರೆ ಆಸಿಡ್, ಅದೂ ಸುಣ್ಣದಕಲ್ಲು ಇಳಿಸಿದ ಮೇಲೆ. ಇದು ನನ್ನ ಓಟು.

ಮೈಕ್ರೋಬ್_ಮಿತ್ರ:
ನನ್ನ ಓಟು ಇನ್ನೂ ಬ್ಯಾಸಿಲಸ್‌ಗೇ, ಆದ್ರೆ ಮರಿಗಲ್ಲ, ತಾಯಿಗೆ. ಮರಿಯ ಕರುಳಿಗೆ ಮೊದಲು ಸೇರೋದು ತಾಯಿಯ ಸಗಣಿ, ಮೊಲೆ, ಮೈಮೇಲಿನ ಬ್ಯಾಕ್ಟೀರಿಯಾ. ಗಬ್ಬದ ಕೊನೇ ವಾರಗಳಿಂದ ಹಾಲೂಡೋವರೆಗೆ ತಾಯಿಗೆ ಕೊಟ್ರೆ ಮರಿಗೆ ಹುಟ್ಟಿದ ದಿನದಿಂದಲೇ ಸಿಗುತ್ತೆ. ಫೀಡ್ ಮುಟ್ಟದ ಮರಿಗೂ.

ಹಳೇಹುಲಿ:
ಜಿಂಕ್.

ಸುಮ್ನೆ_ಓದುಗ:
😂😂

ಖಡಕ್_ಮಾತು:
ಎಲ್ಲಾ ಖರೇ. ಹೊಟ್ಟಿಗೆ ಹೋಗೂದು ಹೆಂಗ ಅಂತ ನೀರುಮೊದಲು ಅವರು ಮ್ಯಾಲೆ ಕೇಳ್ಯಾರಲ್ಲ, ಅದಕ್ಕ ಯಾರೂ ಉತ್ತರ ಕೊಡ್ಲಿಲ್ಲ. ನಾವು ಮೊದಲ ಮೂರು ದಿನ ಫೀಡು ಉಗುರುಬೆಚ್ಚಗಿನ ನೀರಾಗ ಕಲಸಿ ಗಂಜಿ ಮಾಡಿ ಇಡ್ತೀವ್ರಿ. ಬಾನಿ ಉದ್ದ ಇರಬೇಕು, ಮರಿ ಎಲ್ಲಾ ಒಮ್ಮೆಲೆ ಬಾಯಿ ಹಾಕ್ಬೇಕು, ಮೊಲಿ ಚೀಪೂ ಮುಂದ ಹೆಂಗ ಸಾಲಾಗಿ ನಿಲ್ತಾವು ಹಂಗ. ಎಷ್ಟು ಸಲ ಇಡಬೇಕು ಅಂತ ಮಾತ್ರ ಗೊತ್ತಾಗವಲ್ದು. ಉಳದದ್ದು ಹುಳಿ ವಾಸನಿ ಬರ್ತೈತಿ.

ಗೊರಸು:
ಸಣ್ಣ ಸಣ್ಣ ಪ್ರಮಾಣದಲ್ಲಿ ದಿನಕ್ಕೆ ನಾಲ್ಕೈದು ಸಲ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯೋಷ್ಟೇ ಇಡಿ, ಉಳಿದದ್ದನ್ನ ಚೆಲ್ಲಿ ಬಾನಿ ತೊಳೆದೇ ಮುಂದಿನದು. ಹುಳಿ ಬಂದದ್ದರ ಮೇಲೆ ಹೊಸದನ್ನ ಸುರೀಬೇಡಿ. ಪಕ್ಕದಲ್ಲೇ ಒಣ ಫೀಡೂ ಇರಲಿ. ನಾಲ್ಕನೇ ದಿನದಿಂದ ಗಂಜಿಯಲ್ಲಿ ನೀರು ಕಡಿಮೆ ಮಾಡ್ತಾ ಬನ್ನಿ. ಹೊಟ್ಟೆ ಒಳಗೆ ಎಳೆದುಕೊಂಡಿರೋ ಮರಿ ಕಂಡ್ರೆ ಹಿಡಿದು, ಮೂತಿಗೆ ಗಂಜಿ ಸವರಿ ಬಾನಿ ಮುಂದೆ ಬಿಡಿ.

ಖಡಕ್_ಮಾತು:
ಆತ್ರಿ ಡಾಕ್ಟ್ರ. ನಾಳಿಗೆ ಒಂದು ಬ್ಯಾಚ್ ಬಿಡಸೂದೈತಿ, ಹಂಗ ಮಾಡ್ತೀವಿ.